ಹೊಂದಿಸಿ ಬರೆಯಿರಿ

ನಮ್ಮ ಮನೆಯ ಅಟ್ಟದ ಮೇಲೆ ಒಂದು ಹಳೆಯ ಚಾರ್ಟು ಇದೆ. ಸುರುಳಿ ಸುತ್ತಿ, ದಾರ ಕಟ್ಟಿ, ಜಿರಲೆ ಮುಟ್ಟದಿರಲೆಂದು ಪ್ಲಾಸ್ಟಿಕ್ ಚೀಲದೊಳಗೆ ಇಟ್ಟದ್ದು. ವರ್ಷಕ್ಕೊಮ್ಮೆ, ಡಿಸೆಂಬರಿನ ಮೊದಲ ವಾರದಲ್ಲಿ, ಕಾಗದದ ನಕ್ಷತ್ರ ಮತ್ತು ಗೋದಲಿಯ ಗೊಂಬೆಗಳ ಜೊತೆ ಅದೂ ಕೆಳಗಿಳಿಯುತ್ತಿತ್ತು. ಇಪ್ಪತ್ತಕ್ಕೂ ಹೆಚ್ಚು ವರ್ಷ ಹೀಗೆಯೇ ನಡೆದುಕೊಂಡು ಬಂತು.

ವಾರದ ದಿನಗಳಲ್ಲಿ ನಾನು ಪ್ರೌಢಶಾಲೆಯ ಮಕ್ಕಳಿಗೆ ಕನ್ನಡ, ಸಮಾಜ ವಿಜ್ಞಾನ ಕಲಿಸುವವಳು. ಭಾನುವಾರ ಜಯನಗರದ ಕಡೆಯ ನಮ್ಮ ಕನ್ನಡ ಸಭೆಯಲ್ಲಿ ಸಂಡೇ ಸ್ಕೂಲ್ ಟೀಚರು. ವಾರದ ಅಭ್ಯಾಸ ಭಾನುವಾರ ಬಿಡುತ್ತದೆಯೆ? ಪ್ರಶ್ನೆಪತ್ರಿಕೆ ತೆಗೆದು ತೆಗೆದು ಪಳಗಿದ ಕೈಗೆ ದೇವರ ವಾಕ್ಯವೂ ಪ್ರಶ್ನೆಪತ್ರಿಕೆಯಾಗಿಯೇ ಕಂಡಿತ್ತು. ಆ ಚಾರ್ಟಿನ ತಲೆಬರಹವೇ 'ಹೊಂದಿಸಿ ಬರೆಯಿರಿ'. ಎಡಗಡೆ 'ಅ' ಪಟ್ಟಿ, ಪ್ರವಾದಿಗಳು ನುಡಿದದ್ದು. ಬಲಗಡೆ 'ಆ' ಪಟ್ಟಿ, ಯೇಸುಸ್ವಾಮಿಯಲ್ಲಿ ನೆರವೇರಿದ್ದು. ನಡುವೆ ಒಂದು ಗೆರೆ, ಗೆರೆಯ ಕೊನೆಗೆ ಕೆಂಪು ಶಾಯಿಯ ರೈಟ್ ಮಾರ್ಕು.

ಬೇರೆ ಮತದ ಓದುಗರಿಗಾಗಿ ಎರಡು ಮಾತು ಹೇಳಿಬಿಡುತ್ತೇನೆ. ನಮ್ಮ ಬೈಬಲ್ಲಿನಲ್ಲಿ ಎರಡು ಭಾಗ. ಹಳೆಯ ಒಡಂಬಡಿಕೆ ಯೆಹೂದ್ಯರ ಧರ್ಮಗ್ರಂಥ. ಬಹುಪಾಲು ಹೀಬ್ರೂ ಭಾಷೆಯಲ್ಲಿರುವುದು, ಇಂದಿಗೂ ಅವರದೇ. ಹೊಸ ಒಡಂಬಡಿಕೆ ಯೇಸುವಿನ ಚರಿತ್ರೆ ಮತ್ತು ಆತನ ಶಿಷ್ಯರ ಬರವಣಿಗೆ, ಅದು ಗ್ರೀಕಿನಲ್ಲಿದೆ. ದಾವೀದನ ವಂಶದಲ್ಲಿ ಒಬ್ಬ ಅರಸ ಬಂದು ನ್ಯಾಯದಿಂದ ಆಳುವನೆಂಬ ನಿರೀಕ್ಷೆ ಹಳೆಯದರಲ್ಲಿ ಅಲ್ಲಲ್ಲಿ ಕಾಣುತ್ತದೆ. ಅರಸನಾಗುವವನಿಗೆ ಎಣ್ಣೆ ಎರೆದು ಅಭಿಷೇಕ ಮಾಡುತ್ತಿದ್ದ ಕಾಲ ಅದು. ಹಾಗಾಗಿ ಬರಬೇಕಾದವನು 'ಮೆಸ್ಸೀಯ', ಎಂದರೆ ಅಭಿಷಿಕ್ತ. ಗ್ರೀಕಿನಲ್ಲಿ ಅದೇ ಮಾತು 'ಕ್ರಿಸ್ತ'. ಆ ಬರಬೇಕಾದವನು ಯೇಸುವೇ ಎಂಬುದು ನಮ್ಮ ನಂಬಿಕೆ. ಅಲ್ಲವೆಂಬುದು ಯೆಹೂದ್ಯರ ನಂಬಿಕೆ.

ಶಿಷ್ಯರಲ್ಲಿ ಮತ್ತಾಯನೆಂಬವನ ಹೆಸರಿನ ಸುವಾರ್ತೆಯ ಮೊದಲ ಎರಡು ಅಧ್ಯಾಯಗಳಲ್ಲಿಯೇ ಐದು ಕಡೆ ಹೀಗೆ ಹಳೆಯ ಮಾತಿಗೆ ಹೊಸ ಘಟನೆಯನ್ನು ಹೊಂದಿಸಲಾಗಿದೆ. ನನ್ನ ಚಾರ್ಟಿನಲ್ಲಿ ಇದ್ದದ್ದೂ ಆ ಐದೇ ಸಾಲು. ಕನ್ಯೆಯ ಮಗ, ಯೆಶಾಯ. ಬೇತ್ಲೆಹೇಮ್ ಊರು, ಮೀಕ. ಐಗುಪ್ತದಿಂದ ಕರೆತಂದ ಮಗ, ಹೋಶೇಯ. ರಾಮಾ ಊರಿನಲ್ಲಿ ಕೇಳಿಸಿದ ಗೋಳು, ಯೆರೆಮೀಯ. ನಜರೇತಿನವನೆಂಬ ಹೆಸರು, ಪ್ರವಾದಿಗಳು. ನಾಲ್ಕನೆಯ ಸಾಲು ಹೆರೋದನ ಕಥೆಗೆ ಹೊಂದುವಂಥದ್ದು. ಮೂಡಣ ದೇಶದ ಜೋಯಿಸರು ಹುಟ್ಟಿದ ಅರಸನನ್ನು ಹುಡುಕಿಕೊಂಡು ಬಂದದ್ದನ್ನು ಕೇಳಿ, ಹೆರೋದ ಅರಸ ಬೇತ್ಲೆಹೇಮಿನಲ್ಲಿ ಎರಡು ವರ್ಷದೊಳಗಿನ ಗಂಡುಮಕ್ಕಳನ್ನೆಲ್ಲ ಕೊಲ್ಲಿಸಿದ. ಅಲ್ಲಿ ಮತ್ತಾಯ ಯೆರೆಮೀಯನ ಮಾತನ್ನು ನೆನೆಯುತ್ತಾನೆ. ರಾಹೇಲಳು ತನ್ನ ಮಕ್ಕಳಿಗಾಗಿ ಅಳುತ್ತಾಳೆ, ಯಾರು ಸಮಾಧಾನ ಹೇಳಿದರೂ ಒಲ್ಲೆ ಎನ್ನುತ್ತಾಳೆ ಎಂದು. ಆ ಸಾಲಿಗೂ ನಾನು ರೈಟ್ ಮಾರ್ಕು ಹಾಕಿದ್ದೆ.

ಒಂದು ವರ್ಷ ಐದಕ್ಕೆ ಐದನ್ನೂ ತಟ್ಟನೆ ಹೊಂದಿಸಿ, ಸ್ಟೀಲಿನ ಊಟದ ಡಬ್ಬಿಯನ್ನು ಬಹುಮಾನ ಪಡೆದ ಹುಡುಗಿಯೊಬ್ಬಳಿದ್ದಳು. ಎರಡು ಜಡೆ, ಮುಂದಿನ ಹಲ್ಲು ಬಿದ್ದ ಬಾಯಿ. ನನ್ನ ಕಣ್ಣೆದುರೇ ಬೆಳೆದಳು, ಓದಿದಳು, ಮದುವೆಯಾದಳು, ಬನಶಂಕರಿ ಎರಡನೆಯ ಹಂತದಲ್ಲಿ ಸಂಸಾರ ಹೂಡಿದಳು. 2022ರ ಸೆಪ್ಟೆಂಬರಿನಲ್ಲಿ ಅವಳ ನಾಲ್ಕು ವರ್ಷದ ಮಗ ಡೆಂಗಿ ಜ್ವರದಲ್ಲಿ ತೀರಿಕೊಂಡ. ಆರು ದಿನದ ಜ್ವರ, ಅಷ್ಟೇ.

ಸುದ್ದಿ ತಿಳಿದು ಹೋದೆ. ಚಿಕ್ಕ ಮನೆ, ಬಾಗಿಲ ತುಂಬ ಚಪ್ಪಲಿ. ಅವಳು ಗೋಡೆಗೆ ಒರಗಿ ಕೂತಿದ್ದಳು. ಪಕ್ಕದ ಮನೆಯ ಹಿರಿಯಾಕೆ ಅವಳ ಬೆನ್ನು ಸವರುತ್ತ, "ಹಣೆಬರಹಕ್ಕೆ ಹೊಣೆ ಯಾರಮ್ಮ" ಎಂದರು. ನಾವು ಹಣೆಬರಹವನ್ನು ನಂಬುವವರಲ್ಲವಲ್ಲ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಅಂದುಕೊಂಡು ಸುಮ್ಮನಿರಬಹುದಿತ್ತು. ಟೀಚರ ಬಾಯಿ ನೋಡಿ, ಸುಮ್ಮನಿರಲಿಲ್ಲ. ಅವಳ ಕೈ ಹಿಡಿದು, "ದೇವರ ಪುಸ್ತಕದಲ್ಲಿ ಎಲ್ಲ ಮೊದಲೇ ಬರೆದಿರುತ್ತೆ ಕಣಮ್ಮ, ಆತನ ಯೋಜನೆ ನಮಗೆ ತಿಳಿಯೋದಿಲ್ಲ, ಸಮಾಧಾನ ಮಾಡ್ಕೋ" ಎಂದೆ.

ಅವಳು ತಲೆ ಎತ್ತಿ ನನ್ನನ್ನೊಮ್ಮೆ ನೋಡಿದಳು. ಮಾತಾಡಲಿಲ್ಲ. ಮೆಲ್ಲನೆ ಕೈ ಬಿಡಿಸಿಕೊಂಡಳು. ಆಮೇಲೆ ಒಂದು ವರ್ಷಕ್ಕೂ ಮೇಲ್ಪಟ್ಟು ಅವಳು ದೇವಾಲಯದ ಕಡೆ ಬರಲಿಲ್ಲ.

2023ರ ಡಿಸೆಂಬರಿನ ಒಂದು ಶನಿವಾರ. ಮಕ್ಕಳ ಕ್ರಿಸ್ಮಸ್ ನಾಟಕದ ಅಭ್ಯಾಸ ನಡೆದಿತ್ತು. ಕುರುಬರಾಗಬೇಕಾದ ಹುಡುಗರು ಕೋಲು ಹಿಡಿದು ಕತ್ತಿವರಸೆ ಮಾಡುತ್ತಿದ್ದರು, ದೇವದೂತಳಾಗಬೇಕಾದವಳು ರೆಕ್ಕೆ ಚುಚ್ಚುತ್ತದೆಂದು ಅಳುತ್ತಿದ್ದಳು. ಅಷ್ಟರಲ್ಲಿ ಬಾಗಿಲಲ್ಲಿ ಅವಳು. ಅಕ್ಕನ ಮಗಳನ್ನು ಬಿಟ್ಟುಹೋಗಲು ಬಂದಿದ್ದಳು. ನನಗೆ ಸಂತೋಷವೂ ಆಯಿತು, ಸಂಕೋಚವೂ ಆಯಿತು. "ಬಾಮ್ಮ, ಒಳಗೆ ಬಾ" ಎಂದೆ. ಅವಳು ಬಂದು ಗೋಡೆಯ ಮೇಲಿನ ಚಾರ್ಟಿನ ಮುಂದೆ ನಿಂತಳು. ತುಂಬ ಹೊತ್ತು ನಿಂತಳು.

"ಟೀಚರ್, ಈ ಸಾಲಿಗೂ ರೈಟ್ ಹಾಕಿದ್ದೀರಲ್ಲ" ಎಂದಳು, ಬೆರಳನ್ನು ನಾಲ್ಕನೆಯ ಸಾಲಿನ ಮೇಲಿಟ್ಟು. "ನಾನೂ ಹೊಂದಿಸಿ ಬರೆದು ಡಬ್ಬಿ ತಗೊಂಡಿದ್ದೆ. ಹಾಗಾದ್ರೆ ಆ ಮಕ್ಕಳು ಸಾಯಲಿ ಅಂತ ಮೊದಲೇ ಬರೆದಿತ್ತಾ? ಬರೆದದ್ದು ನಡೆಯಬೇಕು ಅಂತ ಅವರು ಸತ್ತರಾ?"

ಮೂವತ್ತು ವರ್ಷ ಪಾಠ ಹೇಳಿದ ನನ್ನ ಬಾಯಲ್ಲಿ ಒಂದು ಉತ್ತರ ಬರಲಿಲ್ಲ. ಅವಳೂ ಉತ್ತರಕ್ಕೆ ಕಾಯಲಿಲ್ಲ. "ಆರು ಗಂಟೆಗೆ ಬಂದು ಕರ್ಕೊಂಡು ಹೋಗ್ತೀನಿ" ಎಂದು ಹೊರಟುಹೋದಳು.

ಆ ರಾತ್ರಿ ನಿದ್ರೆ ಹತ್ತಲಿಲ್ಲ. ಎದ್ದು ನಮ್ಮಪ್ಪನ ಬೈಬಲ್ ತೆಗೆದೆ. ಅಪ್ಪ ತುಮಕೂರು ಕಡೆಯ ಹಳ್ಳಿಯ ಶಾಲೆಯಲ್ಲಿ ಮೇಷ್ಟರಾಗಿದ್ದವರು. ಮತ್ತಾಯನ ವಚನದ ಪಕ್ಕದಲ್ಲಿ ಅವರ ಪೆನ್ಸಿಲಿನ ಅಕ್ಷರದಲ್ಲಿ 'ಯೆರೆಮೀಯ 31:15' ಎಂದಿತ್ತು. ನಾಚಿಕೆಯ ಮಾತನ್ನು ಮುಚ್ಚಿಟ್ಟುಕೊಳ್ಳುವುದೇಕೆ? ಇಷ್ಟು ವರ್ಷ ಮಕ್ಕಳಿಗೆ ಆ ಅಂಕಿಯನ್ನು ಬಾಯಿಪಾಠ ಮಾಡಿಸಿದ್ದೆನೇ ಹೊರತು ಯೆರೆಮೀಯನ ಆ ಅಧ್ಯಾಯವನ್ನು ಹಿಂದುಮುಂದು ಸೇರಿಸಿ ನಾನು ಓದಿರಲಿಲ್ಲ. ಓದಿದೆ. ಅಲ್ಲಿ ಮೆಸ್ಸೀಯನ ಜನನವೂ ಇಲ್ಲ, ಹೆರೋದನೂ ಇಲ್ಲ, ಮುಂದೊಂದು ದಿನ ಹೀಗಾಗುವುದೆಂಬ ಮಾತೂ ಇಲ್ಲ. ಒಬ್ಬ ತಾಯಿ ಆಗಲೇ ಅಳುತ್ತಿದ್ದಾಳೆ.

ಮಾರನೆಯ ವಾರ ಜೆ.ಪಿ. ನಗರದಲ್ಲಿರುವ ನಿವೃತ್ತ ಅಯ್ಯನವರೊಬ್ಬರ ಮನೆಗೆ ಹೋದೆ. ಎಂಬತ್ತು ದಾಟಿದವರು. ಮಿಲ್ಲರ್ಸ್ ರಸ್ತೆಯ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಹೀಬ್ರೂ, ಗ್ರೀಕ್ ಕಲಿತು ಇನ್ನೂ ಮರೆಯದವರು. ಅಮ್ಮನವರು ಕಾಫಿ ಕೊಟ್ಟರು. ನಾನು ನಡೆದದ್ದೆಲ್ಲ ಹೇಳಿದೆ, ಸಾವಿನ ಮನೆಯಲ್ಲಿ ನಾನಾಡಿದ ಮಾತನ್ನೂ ಬಿಡಲಿಲ್ಲ.

ಅಯ್ಯನವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಟೀಚರಮ್ಮ, ಪ್ರವಾದಿ ಅಂದ್ರೆ ಯಾರು ಅಂತ ಮಕ್ಕಳಿಗೆ ಹೇಳ್ಕೊಟ್ಟಿದ್ದೀರಿ?" ಎಂದರು.

"ಮುಂದಾಗೋದನ್ನ ಮೊದಲೇ ಹೇಳೋರು ಅಂತ."

"ಅಲ್ಲೇ ನೋಡಿ ತೊಡಕು. ಅವರು ಮೊದಲು ತಮ್ಮ ಕಾಲದ ಜನಕ್ಕೆ, ತಮ್ಮ ಕಾಲದ ಅರಸನಿಗೆ ಮುಖಕ್ಕೆ ಮುಖ ಕೊಟ್ಟು ದೇವರ ಮಾತು ಹೇಳಿದವರು. ಮುಂದಿನದನ್ನೂ ಹೇಳ್ತಾರೆ, ಆದರೆ ಆ ಜನರ ಸಲುವಾಗಿಯೇ ಹೇಳ್ತಾರೆ."

ಅವರು ಒಂದೊಂದೇ ಸಾಲನ್ನು ಬಿಡಿಸಿ ತೋರಿಸಿದರು. ಯೆಶಾಯನ ಮಾತು ಹುಟ್ಟಿದ್ದು ಕ್ರಿಸ್ತನಿಗೆ ಏಳು ಶತಮಾನಕ್ಕೂ ಹಿಂದೆ. ಯೆಹೂದದ ಅರಸ ಆಹಾಜನ ಮೇಲೆ ನೆರೆಯ ಇಬ್ಬರು ಅರಸರು ದಂಡೆತ್ತಿ ಬಂದಿದ್ದಾರೆ, ಅವನ ಎದೆ ನಡುಗುತ್ತಿದೆ. ಆಗ ಯೆಶಾಯ ಒಂದು ಗುರುತು ಕೊಡುತ್ತಾನೆ. ಒಬ್ಬ ಹೆಣ್ಣುಮಗಳು ಗರ್ಭಿಣಿಯಾಗಿ ಗಂಡು ಹೆರುವಳು, ಆ ಮಗುವಿಗೆ ಒಳ್ಳೆಯದು ಕೆಟ್ಟದ್ದು ತಿಳಿಯುವಷ್ಟರಲ್ಲಿ ಆ ಇಬ್ಬರ ದೇಶವೂ ಹಾಳಾಗುವುದು. ಹಾಗೆಯೇ ಆಯಿತು, ಕ್ರಿ.ಪೂ. 732ರಲ್ಲಿ ಅಸ್ಸೀರಿಯದವರು ಅವರಲ್ಲೊಬ್ಬನ ರಾಜಧಾನಿ ದಮಸ್ಕವನ್ನು ಹಿಡಿದರು. ಏಳುನೂರು ವರ್ಷದ ಆಚೆಗಿನ ಗುರುತಿನಿಂದ ಆಹಾಜನಿಗೆ ಏನು ಧೈರ್ಯ ಬಂದೀತು? ಮಾತು ಮೊದಲು ಅವನದು.

ಅಲ್ಲಿರುವ ಹೀಬ್ರೂ ಪದ 'ಅಲ್ಮಾ', ಎಂದರೆ ಪ್ರಾಯದ ಹೆಣ್ಣು. ಕ್ರಿಸ್ತನಿಗೆ ಮುಂಚೆಯೇ ಯೆಹೂದ್ಯರೇ ತಮ್ಮ ಗ್ರಂಥವನ್ನು ಗ್ರೀಕಿಗೆ ತಂದಾಗ ಅಲ್ಲಿ 'ಪಾರ್ಥೆನೊಸ್' ಎಂದು ಬರೆದರು. ಅದಕ್ಕೆ ಕನ್ಯೆ ಎಂಬ ಅರ್ಥ ಬಲವಾಗಿದೆ. ಮತ್ತಾಯ ಓದಿದ್ದು ಆ ಗ್ರೀಕನ್ನು. ನಮ್ಮ ಕನ್ನಡದಲ್ಲಿಯೂ ಹಾಗೇ ಅಲ್ಲವೆ? ಉತ್ತರ ಕರ್ನಾಟಕದ ಕಡೆ ಹೆಣ್ಣುಮಕ್ಕಳ ಶಾಲೆಗೆ ಕನ್ಯಾ ಶಾಲೆ ಎನ್ನುತ್ತಾರೆ. ಅಲ್ಲಿ ಕನ್ಯೆ ಎಂದರೆ ಹುಡುಗಿ, ಅಷ್ಟೇ. ಬೇರೆ ಕಡೆ ಅದೇ ಪದಕ್ಕೆ ಬೇರೆ ತೂಕ. ಈ ಒಂದು ಪದಕ್ಕಾಗಿ ಎಷ್ಟು ಜಗಳ! 1952ರಲ್ಲಿ ಬಂದ ಇಂಗ್ಲಿಷ್ ಬೈಬಲ್ಲೊಂದರಲ್ಲಿ ಯೆಶಾಯನ ಆ ಪದಕ್ಕೆ ಯುವತಿ ಎಂದು ಹಾಕಿದ್ದಕ್ಕೆ ಅಮೆರಿಕದ ಪಾದ್ರಿಯೊಬ್ಬರು ಆ ಪುಟವನ್ನೇ ಹರಿದು ಸುಟ್ಟರು. ಮತ್ತಾಯನ ಸುವಾರ್ತೆಯಲ್ಲಿ ಮಾತ್ರ ಕನ್ಯೆ ಎಂದೇ ಇತ್ತು; ಮರಿಯಳ ವಿಷಯದ ನಮ್ಮ ನಂಬಿಕೆ ನಿಂತಿರುವುದು ಅಲ್ಲಿ.

ಹೋಶೇಯನದಂತೂ ಮುಂದಿನ ಮಾತೇ ಅಲ್ಲ. ಇಸ್ರಾಯೇಲ್ ಜನ ಹಿಂದೆ ಐಗುಪ್ತದ ದಾಸತ್ವದಿಂದ ಬಿಡುಗಡೆಯಾಗಿ ಬಂದದ್ದನ್ನು, ತಂದೆ ಮಗನನ್ನು ನೆನೆಯುವಂತೆ ದೇವರು ನೆನೆಯುವ ಮಾತು. ನಜರೇತಿನವನು ಎಂಬ ಐದನೆಯದನ್ನು ಹಳೆಯ ಒಡಂಬಡಿಕೆಯಲ್ಲಿ ಎಷ್ಟು ಹುಡುಕಿದರೂ ಹಾಗೆಯೇ ಬರೆದ ಒಂದು ವಾಕ್ಯ ಸಿಕ್ಕುವುದಿಲ್ಲ.

ನನಗೆ ಕಾಲ ಕೆಳಗಿನ ನೆಲ ಜಾರಿದಂತಾಯಿತು. "ಹಾಗಾದರೆ ನಾವು ನಂಬಿದ್ದೆಲ್ಲ ಏನು ಅಯ್ಯನವರೇ? ಇನ್ನೊಬ್ಬರ ಮಾತನ್ನ ಮತ್ತಾಯ ಎಳೆದು ತಂದನೆ?"

"ಎಳೆದು ತರಲಿಲ್ಲ, ಹಿಂತಿರುಗಿ ನೋಡಿದ" ಎಂದರು. "ಯೇಸುವನ್ನ ಕಂಡ ಮೇಲೆ, ಆತನ ಮರಣವನ್ನೂ ಪುನರುತ್ಥಾನವನ್ನೂ ನಂಬಿದ ಮೇಲೆ, ಚಿಕ್ಕಂದಿನಿಂದ ಕೇಳಿದ್ದ ಗ್ರಂಥವನ್ನ ಮತ್ತೆ ಬಿಚ್ಚಿದ. ಎಲ್ಲ ಕಡೆಯೂ ಆತನ ಮುಖವೇ ಕಂಡಿತು. ಇದು ಲೆಕ್ಕ ಹಾಕಿ ರುಜುವಾತು ಮಾಡೋ ವಿಷಯ ಅಲ್ಲ ತಾಯಿ."

ಅವರು ಇನ್ನೊಂದು ಮಾತು ಹೇಳಿದರು. ಮತ್ತಾಯ 'ನೆರವೇರಿತು' ಎನ್ನಲು ಬಳಸುವ ಗ್ರೀಕ್ ಕ್ರಿಯಾಪದದ ಮೂಲಾರ್ಥ 'ತುಂಬು'. ಕೊಡ ತುಂಬಿದ ಹಾಗೆ. ಮೊದಲೇ ನೀರಿದ್ದ ಕೊಡಕ್ಕೆ ಮತ್ತೆ ನೀರು ಬಂದು ಕಂಠದವರೆಗೆ ತುಂಬಿತು. ಮೊದಲ ನೀರು ಸುಳ್ಳಾಗಲಿಲ್ಲ.

ನನಗೆ ತರಗತಿಯಲ್ಲಿ ಹೇಳುವ ಪಂಪನ ಪಾಠ ನೆನಪಾಯಿತು. 941ರಲ್ಲಿ ಪಂಪ 'ವಿಕ್ರಮಾರ್ಜುನ ವಿಜಯ' ಬರೆದಾಗ ವ್ಯಾಸರ ಅರ್ಜುನನಲ್ಲಿ ತನ್ನ ಅರಸ ಅರಿಕೇಸರಿಯನ್ನೂ ಕಂಡ. ಒಂದೇ ಹೆಸರಿನಲ್ಲಿ ಇಬ್ಬರೂ ನಿಂತಿದ್ದಾರೆ. ಹೋಲಿಕೆ ಪೂರ್ತಿ ಹೊಂದುವುದಿಲ್ಲ, ನಿಜ. ಪಂಪನದು ಕವಿಯ ಜಾಣ್ಮೆ, ಮತ್ತಾಯನದು ಪ್ರಾಣ ಕೊಡುವಷ್ಟು ನಂಬಿಕೆ. ಮೈಲಾರದ ಕಾರ್ಣಿಕವೂ ನೆನಪಾಗದೆ ಇರಲಿಲ್ಲ. ಗೊರವಯ್ಯ ಬಿಲ್ಲೇರಿ ಒಂದು ಮಾತು ನುಡಿಯುತ್ತಾನೆ. ಅದು ಮಳೆಯ ಮಾತೋ, ಬೆಳೆಯ ಮಾತೋ, ರಾಜಕೀಯದ ಮಾತೋ ಎಂದು ಊರೂರಿನಲ್ಲಿ ಅರ್ಥ ಹೇಳುತ್ತಾರೆ, ಆಮೇಲೆ ನಡೆದದ್ದಕ್ಕೆ ಹೊಂದಿಸುತ್ತಾರೆ. ನಾನು ಪ್ರವಾದಿಗಳನ್ನು ಅದೇ ಸಾಲಿನಲ್ಲಿ ನಿಲ್ಲಿಸಿ ಮಕ್ಕಳಿಗೆ ಪಾಠ ಮಾಡಿದ್ದೆ.

"2001ರಲ್ಲಿ ರೋಮಿನ ಕಥೋಲಿಕ ಸಭೆಯ ಬೈಬಲ್ ಆಯೋಗವೂ ಹೀಗೇ ಬರೆದಿದೆ" ಎಂದರು ಅಯ್ಯನವರು. "ಯೆಹೂದ್ಯರು ತಮ್ಮ ಗ್ರಂಥವನ್ನ ತಮ್ಮ ರೀತಿಯಲ್ಲಿ ಓದೋದೂ ಸಾಧ್ಯವಾದ ಓದೇ, ಕ್ರಿಸ್ತನನ್ನ ಕಂಡ ಮೇಲಿನ ನಮ್ಮ ಓದು ಹಿಂತಿರುಗಿ ನೋಡಿದ ಓದು ಅಂತ. ಯೆರೆಮೀಯನ ಈ ರಾಹೇಲಳ ಭಾಗವನ್ನ ಅವರು ತಮ್ಮ ಹೊಸ ವರ್ಷದ ಎರಡನೆಯ ದಿನ ಇವತ್ತಿಗೂ ಓದ್ತಾರೆ." ನಮ್ಮ ಬೆಂಗಳೂರಿನಲ್ಲಿಯೂ ಯೆಹೂದ್ಯರು ಬಾಳಿದ್ದಾರೆ, ಮೈಸೂರು ರಸ್ತೆಯಲ್ಲಿ ಅವರ ಹಳೆಯ ಸ್ಮಶಾನವಿದೆ. ಬಸ್ಸಿನಲ್ಲಿ ಎಷ್ಟೋ ಸಲ ಆ ಕಡೆ ಹೋಗಿದ್ದೇನೆ. ರಾಹೇಲಳ ಅಳುವನ್ನು ನನಗಿಂತ ಮೊದಲಿನಿಂದ ಓದುತ್ತ ಬಂದವರು ಅಲ್ಲಿ ಮಲಗಿದ್ದಾರೆಂದು ಒಮ್ಮೆಯೂ ಹೊಳೆದಿರಲಿಲ್ಲ.

ಕೊನೆಗೆ ನಾಲ್ಕನೆಯ ಸಾಲಿಗೆ ಬಂದೆವು. ರಾಹೇಲಳು ಯಾಕೋಬನ ಪ್ರೀತಿಯ ಹೆಂಡತಿ. ಮಕ್ಕಳಿಲ್ಲದೆ ಪರಿತಪಿಸಿದವಳು, ಮಕ್ಕಳಾಗದಿದ್ದರೆ ಸಾಯುತ್ತೇನೆ ಎಂದು ಗಂಡನ ಮುಂದೆ 
ಗೋಳಾಡಿದವಳು. ಎರಡನೆಯ ಹೆರಿಗೆಯಲ್ಲಿ, ಬೇತ್ಲೆಹೇಮಿನ ದಾರಿಯಲ್ಲಿ ಪ್ರಾಣ ಬಿಟ್ಟಳು. ಬೇತ್ಲೆಹೇಮಿನ ಅಂಚಿನಲ್ಲಿ ಅವಳದೆಂದು ಹೇಳುವ ಸಮಾಧಿಗೆ ಮಕ್ಕಳ ಹರಕೆ ಹೊತ್ತ ಯೆಹೂದಿ ಹೆಂಗಸರು ಇಂದಿಗೂ ಹೋಗುತ್ತಾರೆ. ರಾಮಾ ಇರುವುದು ಯೆರೂಸಲೇಮಿನ ಇನ್ನೊಂದು ಪಕ್ಕಕ್ಕೆ, ಉತ್ತರದಲ್ಲಿ ಎಂಟು ಕಿಲೋಮೀಟರಿನಷ್ಟು ದೂರ. ಹೆಚ್ಚುಕಡಿಮೆ ಜಯನಗರದಿಂದ ಮೆಜೆಸ್ಟಿಕ್‌ಗೆ ಇರುವಷ್ಟು. ಕ್ರಿ.ಪೂ. 587ರ ಸುಮಾರಿಗೆ ಬಾಬಿಲೋನಿನವರು ಯೆರೂಸಲೇಮನ್ನು ಸುಟ್ಟು ಜನರನ್ನು ಸೆರೆಹಿಡಿದು ಒಯ್ದಾಗ ಅವರನ್ನು ಕೂಡಿಹಾಕಿದ್ದು ಆ ರಾಮಾದಲ್ಲಿ. ಯೆರೆಮೀಯನೇ ಬೇಡಿ ತೊಟ್ಟು ಅವರ ನಡುವೆ ನಿಂತಿದ್ದ. ಸತ್ತು ಸಾವಿರ ವರ್ಷವಾದ ತಾಯಿ ಎದ್ದು ಅಳುತ್ತಿದ್ದಾಳೆಂದು ಹೇಳಿದವನು, ಅಳುವವರನ್ನು ಕಣ್ಣಾರೆ ಕಂಡವನು.

"ಈಗ ಗ್ರೀಕ್ ನೋಡಿ" ಎಂದು ಅಯ್ಯನವರು ಪುಟ ತಿರುವಿದರು. "ಕನ್ಯೆಯ ಮಗನ ಕಡೆ, ಐಗುಪ್ತದ ಕಡೆ ಮತ್ತಾಯ 'ಹಿನಾ' ಅಂತಾನೆ, ನೆರವೇರುವಂತೆ ಇದಾಯಿತು ಅಂತ. ಈ ಮಕ್ಕಳ ಕಡೆ ಬಂದಾಗ ಆ ಪದ ಬಿಟ್ಟುಬಿಡ್ತಾನೆ. 'ತೊತೆ' ಅಂತಾನೆ. ಆಗ ನೆರವೇರಿತು, ಅಷ್ಟೇ. ಇಡೀ ಸುವಾರ್ತೆಯಲ್ಲಿ ಪ್ರವಾದಿಯ ಮಾತು ನೆರವೇರಿತು ಅನ್ನೋವಾಗ ಹೀಗೆ ಪದ ಬದಲಾಯಿಸೋದು ಎರಡೇ ಕಡೆ. ಒಂದು ಇಲ್ಲಿ, ಇನ್ನೊಂದು ಯೂದನ ಮೂವತ್ತು ಬೆಳ್ಳಿ ನಾಣ್ಯದ ಕಡೆ. ಕೇಡು ಮನುಷ್ಯನ ಕೈಯಿಂದ ಆದ ಕಡೆ, ದೇವರು ಬರೆದಿದ್ದ, ಅದಕ್ಕೇ ಆಯಿತು ಅಂತ ಹೇಳೋಕೆ ಮತ್ತಾಯನ ಲೇಖನಿ ಏಳಲಿಲ್ಲ."

ಸಮಾಜ ವಿಜ್ಞಾನದ ಟೀಚರಾದ ನನಗೆ ಗೊತ್ತಿರುವ ಒಂದು ವಿಷಯವನ್ನೂ ಇಲ್ಲಿ ಹೇಳಬೇಕು. ಬೇತ್ಲೆಹೇಮಿನ ಈ ಕೊಲೆಯನ್ನು ಹೇಳುವವನು ಮತ್ತಾಯನೊಬ್ಬನೇ. ಹೆರೋದನ ಕ್ರೌರ್ಯವನ್ನು ಪುಟಗಟ್ಟಲೆ ಬರೆದ ಯೆಹೂದಿ ಇತಿಹಾಸಕಾರ ಜೋಸೆಫಸ್ ಇದನ್ನು ಬರೆದಿಲ್ಲ. ತನ್ನ ಸ್ವಂತ ಮಕ್ಕಳಲ್ಲಿ ಮೂವರನ್ನೇ ಕೊಲ್ಲಿಸಿದ ಅರಸನಿಗೆ ಒಂದು ಸಣ್ಣ ಊರಿನ ಹಸುಗೂಸುಗಳು ಯಾವ ಲೆಕ್ಕ? ಇತಿಹಾಸ ಕಿವಿಗೆ ಹಾಕಿಕೊಳ್ಳದ ಅಳುವನ್ನು ಸುವಾರ್ತೆ ಬರೆದಿಟ್ಟಿತು.

"ಇನ್ನೊಂದು ಗಮನಿಸಿ" ಎಂದರು ಅಯ್ಯನವರು. "ಯೆರೆಮೀಯನಲ್ಲಿ ಹದಿನೈದನೆಯ ವಚನದಲ್ಲಿ ಅಳು. ಹದಿನಾರರಲ್ಲಿ ಸಮಾಧಾನ, ಅಳಬೇಡ, ನಿನ್ನ ಮಕ್ಕಳು ಶತ್ರುವಿನ ದೇಶದಿಂದ ತಿರುಗಿ ಬರ್ತಾರೆ ಅಂತ. ಕ್ರಿ.ಪೂ. 538ರಲ್ಲಿ ಪಾರಸಿಯ ಕೋರೆಷ ಅಪ್ಪಣೆ ಕೊಟ್ಟ, ಜನ ತಿರುಗಿ ಬಂದರು. ಆದರೆ ಮತ್ತಾಯ ಹದಿನೈದಕ್ಕೇ ನಿಲ್ಲಿಸ್ತಾನೆ. ಹದಿನಾರು ಅವನಿಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು."

ನಾನು ತಲೆ ತಗ್ಗಿಸಿದೆ. ಆ ಹುಡುಗಿಯ ಮನೆಯಲ್ಲಿ ಹದಿನೈದು ಮುಗಿಯುವ ಮೊದಲೇ ನಾನು ಹದಿನಾರಕ್ಕೆ ಓಡಿದ್ದೆ. ಅದೂ ಅವಳ ಸಮಾಧಾನಕ್ಕೋ, ಅವಳ ಅಳು ನೋಡಲಾರದ ನನ್ನ ಸಮಾಧಾನಕ್ಕೋ, ದೇವರೇ ಬಲ್ಲ.

ಡಿಸೆಂಬರ್ 28 ಹಲವು ಸಭೆಗಳ ಪಂಚಾಂಗದಲ್ಲಿ ಬೇತ್ಲೆಹೇಮಿನ ಆ ಮಕ್ಕಳ ಸ್ಮರಣೆಯ ದಿನ. ಅಂದು ಬನಶಂಕರಿಗೆ ಹೋದೆ. ಮನೆಯಲ್ಲಿ ಕಲ್‌ಕಲ್, ರೋಸ್ ಕುಕ್ಕಿ ಮಾಡಿಟ್ಟಿದ್ದೆ, ಆದರೆ ಒಯ್ಯಲು ಕೈ ಬರಲಿಲ್ಲ. ಅಪ್ಪನ ಬೈಬಲ್ ಒಂದನ್ನೇ ಚೀಲದಲ್ಲಿ ಹಾಕಿಕೊಂಡೆ. ಅವಳು ಅಡುಗೆಮನೆಯ ನೆಲದಲ್ಲಿ ಕೂತು, ನೆನೆಸಿದ ಅವರೆಕಾಳು ಹಿತಕುತ್ತಿದ್ದಳು. "ಬನ್ನಿ ಟೀಚರ್" ಎಂದಳು. ನಾನೂ ಎದುರಿಗೆ ಕೂತು ಒಂದು ಹಿಡಿ ಕಾಳು ಎಳೆದುಕೊಂಡೆ. ಕೈಗೆ ಕೆಲಸವಿದ್ದರೆ ಮಾತು ಸುಲಭ.

"ಅವತ್ತು ನಾನು ಆಡಿದ ಮಾತು ತಪ್ಪು ಕಣಮ್ಮ."

ಅವಳು ಒಂದೆರಡು ಕಾಳು ಹಿತಕಿದಳು. "ಮರೆತುಬಿಟ್ಟಿದ್ದೀನಿ ಅಂತ ಹೇಳಲಾರೆ ಟೀಚರ್" ಎಂದಳು.

ನಾನು ಅಯ್ಯನವರು ಹೇಳಿದ್ದನ್ನೆಲ್ಲ ಹೇಳಿದೆ. ಪಾಠ ಮಾಡಿದಂತೆ ಹೇಳಲಿಲ್ಲ, ತಡವರಿಸುತ್ತಲೇ ಹೇಳಿದೆ. ಆ ಮಕ್ಕಳು ಸಾಯಲೆಂದು ಯಾರೂ ಬರೆದಿರಲಿಲ್ಲ. ಬರೆದದ್ದು ಒಬ್ಬ ತಾಯಿಯ ಅಳು. ರಾಮಾದಲ್ಲಿ ಕೇಳಿಸಿತು ಎಂದು ಅಲ್ಲಿ ಹೇಳುವವನು ದೇವರೇ. ಮೊದಲು ಕೇಳಿಸಿಕೊಂಡವನೂ ಆತನೇ. ಇನ್ನೊಂದು ಊರಿನಲ್ಲಿ ತಾಯಂದಿರು ಹಾಗೆಯೇ ಅತ್ತಾಗ ಮತ್ತಾಯನಿಗೆ ಅವಳ ನೆನಪಾಯಿತು.

"ಆಮೇಲೆ ಏನಿದೆ ಅಲ್ಲಿ?" ಎಂದು ಕೇಳಿದಳು.

ಸುಳ್ಳು ಹೇಳಲಾಗಲಿಲ್ಲ. "ಅಳಬೇಡ, ಮಕ್ಕಳು ವಾಪಸ್ ಬರ್ತಾರೆ ಅಂತ ಇದೆ."

"ನನ್ನ ಮಗ ಬರಲ್ವಲ್ಲ ಟೀಚರ್."

"ಬೇತ್ಲೆಹೇಮಿನವರ ಮಕ್ಕಳೂ ಬರಲಿಲ್ಲ. ಅದಕ್ಕೇ ಇರಬೇಕು, ಮತ್ತಾಯ ಆ ಮಾತನ್ನ ಅಲ್ಲಿ ಬರೆಯಲಿಲ್ಲ."

ಅವಳು ಅತ್ತಳು. ನಾನು ಸಮಾಧಾನ ಮಾಡಿಕೋ ಎನ್ನಲಿಲ್ಲ. ಕಾಳು ಹಿತಕುತ್ತ ಕೂತಿದ್ದೆ, ನನ್ನ ಕಣ್ಣೂ ಮಂಜಾಗಿತ್ತು. ಸತ್ತವರು ಮತ್ತೆ ಸಿಕ್ಕುವರೆಂಬ ನಂಬಿಕೆ ನನಗಿದೆ. ಬೇತ್ಲೆಹೇಮಿನಲ್ಲಿ ತಪ್ಪಿಸಿಕೊಂಡ ಕೂಸು ಯೆರೂಸಲೇಮಿನಲ್ಲಿ ತಪ್ಪಿಸಿಕೊಳ್ಳಲಿಲ್ಲ, ಆಗ ಶಿಲುಬೆಯ ಕೆಳಗೆ ನಿಂತವಳೂ ಒಬ್ಬ ತಾಯಿಯೇ, ಮೂರನೆಯ ದಿನವೂ ಬಂತು ಎಂಬುದು ನಮ್ಮ ಮತದ ತಿರುಳು. ಆದರೆ ಆ ಮಾತಿಗೆ ಅದರದೇ ಹೊತ್ತಿದೆ. ಅದನ್ನು ಕೇಳಬೇಕಾದವರು ಕೇಳಿದಾಗ ಹೇಳಿದರಾಯಿತು. ಹೊರಡುವಾಗ ಅವಳು ಒಂದು ಡಬ್ಬಿಯಲ್ಲಿ ಹಿತಕಿದ ಬೇಳೆ ಹಾಕಿಕೊಟ್ಟಳು. ನೋಡಿದರೆ ಅದೇ ಸ್ಟೀಲಿನ ಡಬ್ಬಿ. ಮುಚ್ಚಳ ಸೊಟ್ಟಗಾಗಿತ್ತು.

ಈಗ ಅವಳು ಕೆಲವು ಭಾನುವಾರ ಬರುತ್ತಾಳೆ, ಕೆಲವು ಭಾನುವಾರ ಬರುವುದಿಲ್ಲ. ಬಂದರೆ ಹಿಂದಿನ ಬೆಂಚು. ನಾನು ಕಾರಣ ಕೇಳುವುದಿಲ್ಲ. ಡಬ್ಬಿಯನ್ನು ಖಾಲಿ ಹಿಂದಿರುಗಿಸಬಾರದೆಂದು ಕೋಡುಬಳೆ ತುಂಬಿ ಕೊಟ್ಟೆ.

2024ರ ಡಿಸೆಂಬರಿಗೆ ಹೊಸ ಚಾರ್ಟು ಬರೆದೆ. ಹಳೆಯದು ಅಟ್ಟದಲ್ಲೇ ಉಳಿಯಿತು. ಹೊಸದರಲ್ಲಿ ಮೂರು ಪಟ್ಟಿ. ಯಾರು ನುಡಿದರು, ಅಂದು ಯಾರಿಗಾಗಿ ನುಡಿದರು, ಮತ್ತಾಯ ಅದನ್ನು ಎಲ್ಲಿ ನೆನೆದ. ಬರೆಯಲು ಹೆಚ್ಚು ಹೊತ್ತು ಹಿಡಿಯಿತು, ಮಕ್ಕಳಿಗೆ ಹೇಳಲು ಇನ್ನೂ ಹೆಚ್ಚು. ಹಳೆಯ ಅಭ್ಯಾಸ ನೋಡಿ, ಉಳಿದ ನಾಲ್ಕು ಸಾಲಿನ ಕೊನೆಗೆ ಕೆಂಪು ಗುರುತು ಹಾಕಿದ್ದೆ.

ಮೂರನೆಯ ತರಗತಿಯ ಪೋರನೊಬ್ಬ ಕೈಯೆತ್ತಿದ. "ಮಿಸ್, ನಾಲ್ಕನೇದಕ್ಕೆ ರೈಟ್ ಹಾಕೋದು ಮರ್ತಿದ್ದೀರ."

"ಮರೆತಿಲ್ಲ ಕಣೋ. ಆ ಅಮ್ಮ ಇನ್ನೂ ಅಳ್ತಿದ್ದಾಳೆ. ಅವಳದು ಮುಗಿಲಿ."

ಅವನು ಒಂದು ಕ್ಷಣ ಚಾರ್ಟನ್ನು ನೋಡಿದ. ಆಮೇಲೆ ನಕ್ಷತ್ರಕ್ಕೆ ಬಣ್ಣದ ಕಾಗದ ಅಂಟಿಸಲು ಓಡಿದ.